ಬೆಂಗಳೂರಿನ ಉತ್ತರ ಸೀಮೆಯ ಶಿಲೆಯೂ ಶಾಲಾ ವಿದ್ಯಾಭ್ಯಾಸವೂ

1

ಕರ್ಣಾಟಕದ ಚರಿತ್ರೆಯನ್ನು ಬರೆಯಹೊರಟವರಿಗೆ ಕಲ್ಲೇ ಮೊದಲನೆಯ ಗ್ರಂಥವೆಂಬುದು ವಿದಿತವಾದ ವಿಷಯ. ಓಲೆಯು ಹುಳುವಿಗೆ ತುತ್ತಾಯಿತು. ಕಾಗದವು ಗೆದ್ದಲಿಗೆ ಸೇರಿತು. ಕಲ್ಲಿನ ಮೇಲೆ ಕಂಡರಿಸಿದುದು ಮಾತ್ರ ಸಾವಿರಾರು ಮಳೆಗಾಲಗಳನ್ನು ತಾಳಿಕೊಂಡು ಉಳಿಯಿತು. ಬಿ. ಎಲ್. ರೈಸರು 1905ರಲ್ಲಿ ‘ಎಪಿಗ್ರಾಫಿಯ ಕರ್ಣಾಟಿಕ’ದ ಒಂಬತ್ತನೆಯ ಸಂಪುಟವನ್ನು ಪ್ರಕಟಿಸಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಒಂದೆಡೆ ಕೂಡಿಸಿದಂದಿನಿಂದ, ಈ ಸೀಮೆಯ ರಾಜರು, ನಾಡುಗಳು, ದಾನಗಳು, ಕಾಳಗಗಳು ಇವೆಲ್ಲವೂ ಕಲ್ಲಿನ ಬಾಯಿಂದಲೇ ತಿಳಿದುಬರುತ್ತಿವೆ. ಆದರೆ ಅಕ್ಷರವನ್ನು ಹೊತ್ತಿರುವ ಆ ಕಲ್ಲು ಯಾವುದು, ಎಲ್ಲಿಂದ ಬಂದಿತು, ಅದಕ್ಕೆ ವಯಸ್ಸೆಷ್ಟು ಎಂಬ ಪ್ರಶ್ನೆಯನ್ನು ಸಾಹಿತ್ಯದ ಮನೆಯಲ್ಲಿ ಕೇಳಿದವರು ವಿರಳ. ಆ ಪ್ರಶ್ನೆಗೆ ಉತ್ತರವನ್ನು ಕಂಡುಹಿಡಿದವರು ಬೇರೆ ಮನೆಯವರು. ಅವರು ಬರೆದುದು ಬೇರೆ ಭಾಷೆಯಲ್ಲಿ. ಈ ಎರಡು ಮನೆಗಳ ನಡುವಣ ಅಂಗಳದಲ್ಲಿ ನಿಂತಿರುವವನು ಶಾಲೆಯ ವಿದ್ಯಾರ್ಥಿ. ಯಲಹಂಕ, ಹೆಬ್ಬಾಳ, ಯಶವಂತಪುರಗಳನ್ನು ಒಳಗೊಂಡ ಬೆಂಗಳೂರಿನ ಉತ್ತರ ಸೀಮೆಯ ನೆಲದ ತಿಳಿವಳಿಕೆಯು ಹೇಗೆ ಬೆಳೆಯಿತು, ಅದು ವಿದ್ಯಾರ್ಥಿಯವರೆಗೆ ಎಷ್ಟುಮಟ್ಟಿಗೆ ಬಂದಿತು, ಬಾರದಿದ್ದುದಕ್ಕೆ ಕಾರಣವೇನು ಎಂಬುದು ಇಲ್ಲಿಯ ವಿಚಾರ.

2

ಮೊದಲು ಒಂದು ಕಲ್ಲಿನ ಸಂಗತಿ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುತ್ತಿರುವಾಗ ಒಂದು ವೀರಗಲ್ಲು ಮೇಲೆ ಬಂದಿತು. ಊರವರೂ ಶಾಸನಾಸಕ್ತರೂ ಅದನ್ನು ಗಮನಿಸಿ ಕಾಪಾಡಿದರು. ಓದಿ ನೋಡಲಾಗಿ ಅದು ಗಂಗರ ಶ್ರೀಪುರುಷನ ಕಾಲದ್ದೆಂದೂ, ಕ್ರಿ. ಶ. 750ರ ಆಸುಪಾಸಿನದೆಂದೂ, ರಟ್ಟವಾಡಿಯವರು, ಎಂದರೆ ರಾಷ್ಟ್ರಕೂಟರು, ಏರಿಬಂದಾಗ ಹೋರಾಡಿ ಮಡಿದ ಕಿಟ್ಟಯ್ಯನೆಂಬ ವೀರನ ನೆನಪಿಗಾಗಿ ನಿಲ್ಲಿಸಿದುದೆಂದೂ ತಿಳಿದುಬಂದಿತು. ಬೆಂಗಳೂರು ನಗರದೊಳಗೆ ಇದುವರೆಗೆ ದೊರೆತಿರುವ ಕನ್ನಡ ಶಾಸನಗಳಲ್ಲಿ ಇದು ಅತ್ಯಂತ ಪ್ರಾಚೀನವೆಂದು ಎಣಿಸಲ್ಪಟ್ಟಿದೆ. ಅದರಲ್ಲಿ ಬರುವ ‘ಪೆರ್ಬೊಳಲ್ನಾಡು’ ಎಂಬ ಹೆಸರಿನಿಂದಲೇ, ‘ಪಿರಿದಾದ ಪೊಳಲ್’, ಎಂದರೆ ದೊಡ್ಡ ಪಟ್ಟಣ, ಎಂಬರ್ಥದಿಂದಲೇ ಹೆಬ್ಬಾಳವೆಂಬ ಈಗಿನ ಹೆಸರು ಬಂದಿತೆಂದು ವಿದ್ವಾಂಸರು ಹೇಳಿರುವರು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳ ಯಾಂತ್ರಿಕ ಬಿಂಬವಾಗಿ ಸೆರೆಹಿಡಿಯುವ ಕಾರ್ಯವನ್ನು ಈಚೆಗೆ ಕೈಕೊಂಡು, ಸವೆಯುತ್ತಿರುವ ಅಕ್ಷರಗಳನ್ನು ಸ್ಥಿರಪಡಿಸುತ್ತಿದೆ.

ಈ ಶಾಸನದಿಂದ ಹೆಬ್ಬಾಳದ ಬಾಲಕನಿಗೆ ತನ್ನ ಊರಿನ ವಯಸ್ಸು ಸುಮಾರು 1,270 ವರ್ಷಗಳಿಗಿಂತ ಕಡಮೆಯಿಲ್ಲವೆಂದು ಗೊತ್ತಾಗುವುದು. ಆದರೆ ಅಕ್ಷರಗಳ ಹಿಂದಿರುವ ನೆಲದ ಬಂಡೆಯ ವಯಸ್ಸು ಇದರ ಎರಡು ದಶಲಕ್ಷ ಪಟ್ಟಿಗೂ ಮಿಗಿಲಾದುದು. ಊರಿನ ಆಯುಸ್ಸನ್ನು ತಿಳಿದು ನೆಲದ ಆಯುಸ್ಸನ್ನು ತಿಳಿಯದಿರುವುದು, ಕಾವ್ಯದ ಕೊನೆಯ ಪದ್ಯವನ್ನು ಮಾತ್ರ ಓದಿ ಗ್ರಂಥವನ್ನು ಮುಚ್ಚಿದಂತಾಗುವುದು.

3

ಈ ಸೀಮೆಯ ತಳಗಲ್ಲನ್ನು ಭೂವಿಜ್ಞಾನಿಗಳು ‘ನೈಸ್’ ಎಂದು ಕರೆಯುತ್ತಾರೆ. ನೋಟಕ್ಕೆ ಇದು ಬೂದುಬಣ್ಣದ ಪಟ್ಟೆಗಲ್ಲು. ಬಿಳಿಯ ಪಟ್ಟೆಗಳಲ್ಲಿ ಬೆಣಚುಕಲ್ಲಿನ ಹರಳುಗಳೂ ಫೆಲ್ಡ್‌ಸ್ಪಾರ್ ಎಂಬ ಖನಿಜವೂ ಇರುವುವು. ಕಪ್ಪು ಪಟ್ಟೆಗಳಲ್ಲಿ ಹಳ್ಳಿಯ ಮಕ್ಕಳು ಕಾಗೆಬಂಗಾರವೆಂದು ಕರೆಯುವ ಅಭ್ರಕದ ಕಪ್ಪುಬಗೆಯಿರುವುದು. ಭೂಮಿಯ ಆಳದಲ್ಲಿ ಅತಿಯಾದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ, ಕಲ್ಲು ನಾದಿದ ಹಿಟ್ಟಿನಂತೆ ಮಡಿಕೆಗೊಂಡಾಗ ಈ ಪಟ್ಟೆಗಳು ಉಂಟಾದುವು. ಕೆಲವೆಡೆ ಈ ಪಟ್ಟೆಗಳನ್ನು ಅಡ್ಡಹಾಯ್ದು ಬೆಳ್ಳಗಿನ ಅಥವಾ ನಸುಗೆಂಪಾದ ಎಳೆಗಳು ಹೋಗಿರುವುವು. ಅವು ಕಲ್ಲು ಬಿರಿದ ಮೇಲೆ ಒಳನುಗ್ಗಿದ ದ್ರವವು ಹೆಪ್ಪುಗಟ್ಟಿದ ಗುರುತುಗಳು. ಅಡ್ಡಹಾಯ್ದುದು ಹಾಯಿಸಿಕೊಂಡುದಕ್ಕಿಂತ ಕಿರಿಯದೆಂಬ ನ್ಯಾಯವನ್ನು ಹತ್ತು ವರ್ಷದ ಬಾಲಕನೂ ಕಣ್ಣಿನಿಂದಲೇ ಗ್ರಹಿಸಬಲ್ಲನು. ಶಾಸನದ ಮೇಲೆ ಬೇರೊಂದು ಕಾಲದ ಬರಹವು ಬಿದ್ದಿದ್ದರೆ ಯಾವುದು ಮೊದಲೆಂದು ನಿರ್ಣಯಿಸುವ ಕ್ರಮವೂ ಇದೇ ಅಲ್ಲವೆ?

ಮೈಸೂರು ಸಂಸ್ಥಾನದಲ್ಲಿ ಈ ಶಿಲೆಯ ಅಧ್ಯಯನವು ಕ್ರಮಬದ್ಧವಾದುದು 1894ರಲ್ಲಿ. ಆ ವರ್ಷ ಸಂಸ್ಥಾನವು ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ತೆರೆದು, ಭಾರತ ಭೂವೈಜ್ಞಾನಿಕ ಸರ್ವೇಕ್ಷಣದಿಂದ ನಿವೃತ್ತರಾಗಿದ್ದ ರಾಬರ್ಟ್ ಬ್ರೂಸ್ ಫೂಟರನ್ನು ಅದರ ಮುಖ್ಯಾಧಿಕಾರಿಯಾಗಿ ಕರೆತಂದಿತು. ಇವರೇ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿಯನ್ನು ಕಂಡು, ಭಾರತದ ಮಾನವಚರಿತ್ರೆಯನ್ನು ಬಹು ಹಿಂದಕ್ಕೆ ಕೊಂಡೊಯ್ದವರು. ಧಾರವಾಡ ಶಿಲಾಸಮೂಹಕ್ಕೆ ಆ ಹೆಸರನ್ನಿತ್ತವರೂ ಇವರೇ. ಫೂಟರ ಅಭಿಪ್ರಾಯದಲ್ಲಿ ನೈಸ್ ತಳಹದಿ. ಧಾರವಾಡದ ಪದರುಗಳು ಅದರ ಮೇಲೆ ಕುಳಿತವು. ಅವರ ತರುವಾಯ ಬಂದ ಡಬ್ಲ್ಯು. ಎಫ್. ಸ್ಮೀತರು ಇದನ್ನು ಒಪ್ಪಲಿಲ್ಲ. ಧಾರವಾಡದ ಶಿಲೆಗಳೇ ಹಿರಿಯವು, ನೈಸ್ ಅವುಗಳೊಳಗೆ ನುಗ್ಗಿಬಂದುದೆಂದು ವಾದಿಸಿ, 1916ರಲ್ಲಿ ಪ್ರಕಟಿಸಿದ ಮೈಸೂರಿನ ಭೂಚರಿತ್ರೆಯ ಸಂಗ್ರಹದಲ್ಲಿ ಇದಕ್ಕೆ ‘ಪೆನಿನ್ಸುಲಾರ್ ನೈಸ್’, ಎಂದರೆ ಪರ್ಯಾಯದ್ವೀಪದ ನೈಸ್, ಎಂಬ ಹೆಸರನ್ನು ಸ್ಥಿರಪಡಿಸಿದರು. ಈ ವಿವಾದವು ಅನೇಕ ದಶಕಗಳವರೆಗೆ ನಡೆಯಿತು. ಖನಿಜಗಳಲ್ಲಿರುವ ವಿಕಿರಣ ಧಾತುಗಳು ಕ್ಷಯಿಸುವ ಪ್ರಮಾಣವನ್ನು ಅಳೆದು ಕಲ್ಲಿನ ವಯಸ್ಸನ್ನು ಹೇಳುವ ವಿಧಾನವು ಬಂದ ಮೇಲೆ, ನೈಸ್ ಒಂದೇ ಬಾರಿಗೆ ಆದುದಲ್ಲವೆಂದೂ, ಸುಮಾರು 340 ಕೋಟಿಯಿಂದ 250 ಕೋಟಿ ವರ್ಷಗಳ ಹಿಂದಿನವರೆಗೆ ಹಲವು ಸಲ ರೂಪುಗೊಂಡುದೆಂದೂ, ಧಾರವಾಡಕ್ಕಿಂತ ಹಿರಿಯದಾದ ನೈಸೂ ಕಿರಿಯದಾದುದೂ ಇರುವುವೆಂದೂ ತಿಳಿದುಬಂದಿತು. ಇಬ್ಬರು ವಿದ್ವಾಂಸರ ಮಾತಿನಲ್ಲಿಯೂ ಒಂದೊಂದು ಭಾಗದ ಸತ್ಯವಿದ್ದಿತು.

ಬೆಂಗಳೂರಿನ ಪಶ್ಚಿಮಕ್ಕೆ, ರಾಮನಗರದ ಮೂಲಕ ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರು ಉದ್ದಕ್ಕೆ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟು ಸುಮಾರು 250 ಕೋಟಿ ವರ್ಷ ಹಳೆಯದು. ನಗರದ ಲಾಲ್‌ಬಾಗಿನ ಬಂಡೆಯು 300 ಕೋಟಿ ವರ್ಷದ್ದೆಂದು ಅಲ್ಲಿಯ ಫಲಕವು ಸಾರುತ್ತಿದೆ. ಭೂವೈಜ್ಞಾನಿಕ ಸರ್ವೇಕ್ಷಣದವರು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿರುವರು. ಹೋಲಿಕೆಗಾಗಿ ಹೇಳುವುದಾದರೆ, ಹಿಮಾಲಯವು ಏಳತೊಡಗಿದುದು ಸುಮಾರು ಐದು ಕೋಟಿ ವರ್ಷಗಳ ಹಿಂದೆ. ಲಾಲ್‌ಬಾಗಿನಲ್ಲಿ ಫಲಕವನ್ನು ಹೊತ್ತ ಶಿಲಾವರ್ಗವೇ ಯಲಹಂಕದ ಹೊಲಗಳಲ್ಲಿಯೂ, ಮೇಖ್ರಿ ವೃತ್ತದ ಬಳಿ ಕೆಂಪೇಗೌಡರ ವಂಶದ ಹೆಸರಿನಿಂದ ಪ್ರಸಿದ್ಧವಾದ ಉತ್ತರದಿಕ್ಕಿನ ಗೋಪುರದ ಅಡಿಯಲ್ಲಿಯೂ ಇದೆ. ಅಲ್ಲಿ ಗೋಪುರಕ್ಕೆ ಮರ್ಯಾದೆಯುಂಟು. ಗೋಪುರವನ್ನು ಹೊತ್ತ ಬಂಡೆಯನ್ನು ಕೇಳುವವರಿಲ್ಲ.

4

ವಿಜ್ಞಾನಿಗಳಿಗಿಂತ ಬಹು ಮೊದಲೇ ಈ ಕಲ್ಲಿನ ಗುಣವನ್ನು ತಿಳಿದಿದ್ದವರು ಕಲ್ಲುಕುಟಿಗರು. ಬೆಂಗಳೂರಿನ ಸುತ್ತಣ ಬಂಡೆಗಳು ನೆಲಕ್ಕೆ ಸಮಾನಾಂತರವಾಗಿ ಪದರುಪದರಾಗಿ ಬಿಡುವ ಸ್ವಭಾವದವು. ಈ ಸ್ವಭಾವವನ್ನರಿತು, ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಹರಡಿ, ಅದನ್ನು ನಿಧಾನವಾಗಿ ಮುಂದಕ್ಕೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ದನಿಯನ್ನು ಕೇಳುತ್ತ, ಪೊಳ್ಳುದನಿ ಬಂದಷ್ಟು ದೂರ ಪದರು ಬಿಟ್ಟಿತೆಂದು ತಿಳಿದು ವಿಶಾಲವಾದ ಹಾಸನ್ನು ಎಬ್ಬಿಸುವ ಕ್ರಮವು ಅವರಲ್ಲಿ ರೂಢಿಯಲ್ಲಿದ್ದಿತು. ಆಮೇಲೆ ಅದನ್ನು ಉಳಿಯಿಂದ ಸೀಳಿ ಚಪ್ಪಡಿಗಳಾಗಿ ಮಾಡುತ್ತಿದ್ದರು. ಈ ಕೌಶಲವನ್ನು ಕಂಡು ಬೆರಗಾದ ಎಚ್. ವಾರ್ತ್ ಎಂಬ ಭೂವಿಜ್ಞಾನಿಯು 1895ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಗೆ ವರ್ಣನೆಯನ್ನು ಬರೆದನು. ಹಳ್ಳಿಯ ಮನೆಗಳ ಹಾಸು, ಹೊಲದ ಬೇಲಿಗೆ ನೆಟ್ಟ ಕಲ್ಲು, ಬಾವಿಯ ಕಟ್ಟೆ, ದಾರಿಯ ಸುಮೈತಾಂಗಿ, ದೇವಾಲಯದ ಕಂಬ, ಕಡೆಗೆ ವೀರನ ನೆನಪಿನ ಕಲ್ಲು, ಇವೆಲ್ಲಕ್ಕೂ ಈ ಸೀಮೆಯಲ್ಲಿ ಬಂಡೆಯೇ ಆಧಾರವಾಯಿತು. ಯಲಹಂಕದಿಂದ ದೇವನಹಳ್ಳಿಗೆ ಹೋಗುವ ದಾರಿಯ ಸಾದಹಳ್ಳಿಯ ಬೂದುಗಲ್ಲು ಶಿಲ್ಪಿಗಳಲ್ಲಿ ಪ್ರಸಿದ್ಧವಾಗಿ ದೂರದೇಶಗಳಿಗೂ ಹೋಗಿದೆ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧಕ್ಕೂ ಮಲ್ಲಸಂದ್ರ, ಹೆಸರಘಟ್ಟಗಳ ಸುತ್ತಣ ಕಲ್ಲು ಬಂದಿತು.

ಊರುಗಳ ಹೆಸರುಗಳಲ್ಲಿಯೂ ನೆಲದ ರೂಪವು ಉಳಿದಿದೆ. ಯಲಹಂಕದ ಬಳಿಯ ದೊಡ್ಡಬೆಟ್ಟಹಳ್ಳಿ, ಚಿಕ್ಕಬೆಟ್ಟಹಳ್ಳಿಗಳು ಈಗ ಮನೆಗಳಿಂದ ತುಂಬಿದ ಬಡಾವಣೆಗಳಾಗಿದ್ದರೂ, ಸಮುದ್ರಮಟ್ಟದಿಂದ 960 ಮೀಟರುಗಳಷ್ಟು ಎತ್ತರದ ನೆಲ ಅಲ್ಲಿರುವುದನ್ನು ಹೆಸರು ಇನ್ನೂ ಹೇಳುತ್ತಿದೆ. ಜಾರಕಬಂಡೆ ಕಾವಲೆಂಬ ಅರಣ್ಯದ ಹೆಸರಿನೊಳಗೆ ಬಂಡೆಯೂ ಇದೆ, ದನಕರುಗಳ ಹುಲ್ಲುಗಾವಲಿನ ನೆನಪೂ ಇದೆ. ಭಾಷೆಯ ಉಪಾಧ್ಯಾಯರಿಗೆ ಭೂವಿಜ್ಞಾನದ ಬಾಗಿಲು ಇಂತಹ ಹೆಸರುಗಳಿಂದಲೇ ತೆರೆಯುವುದು.

5

ಬಂಡೆಯಿಂದ ಮಣ್ಣು, ಮಣ್ಣಿನಿಂದ ಬೆಳೆ, ಬಂಡೆಯ ಇಳಿಜಾರಿನಿಂದ ಕೆರೆ. ಹೀಗೆ ಈ ಸೀಮೆಯ ಜೀವನವೆಲ್ಲವೂ ತಳಗಲ್ಲಿಗೆ ಹೊಂದಿಕೊಂಡಿದೆ. ಮಳೆಬಿಸಿಲಿಗೆ ನೈಸಿನ ಫೆಲ್ಡ್‌ಸ್ಪಾರ್ ಕರಗಿ ಜೇಡಿಯಾಗುವುದು. ಕಪ್ಪು ಖನಿಜಗಳಲ್ಲಿಯ ಕಬ್ಬಿಣವು ತುಕ್ಕುಹಿಡಿದು ಮಣ್ಣಿಗೆ ಕೆಂಪನ್ನು ಕೊಡುವುದು. ಕರಗದ ಬೆಣಚು ಮರಳಾಗಿ ಉಳಿಯುವುದು. ರಾಗಿಯ ಹೊಲದ ಕೆಮ್ಮಣ್ಣೆಂಬುದು ಇದೇ. ಈ ಮಣ್ಣಿನ ಶಾಸ್ತ್ರೀಯ ಪರೀಕ್ಷೆಯು ಹೆಬ್ಬಾಳದಲ್ಲಿಯೇ ಮೊದಲಾಯಿತು. 1899ರಲ್ಲಿ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ದಯಪಾಲಿಸಿದ 30 ಎಕರೆ ನೆಲದಲ್ಲಿ, ರಸಾಯನಜ್ಞರಾದ ಡಾ॥ ಲೆಹ್ಮನ್ನರು ಬೆಳೆಗೂ ಮಣ್ಣಿನ ಸಾರಕ್ಕೂ ಇರುವ ಸಂಬಂಧವನ್ನು ಶೋಧಿಸತೊಡಗಿದರು. ಆ ಕ್ಷೇತ್ರವೇ ಮುಂದೆ ಕೃಷಿಶಾಲೆಯಾಗಿ, ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು.

ನೀರಿನ ವಿಷಯವು ಇನ್ನೂ ಗಮನಾರ್ಹ. ಬೆಂಗಳೂರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಹಾದುಹೋಗಿರುವ ಎತ್ತರದ ಏಣು ನೀರನ್ನು ಎರಡು ಪಾಲು ಮಾಡುವುದು. ಪಶ್ಚಿಮಕ್ಕೆ ಬಿದ್ದ ಹನಿ ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುವುದು. ಪೂರ್ವಕ್ಕೆ ಬಿದ್ದುದು ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿನ ಮೂಲಕ ಸಮುದ್ರಕ್ಕೆ ಹೋಗುವುದು. ಯಲಹಂಕ ಕೆರೆಯ ಕೋಡಿಯ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ, ಅಲ್ಲಿಂದ ಕಲ್ಕೆರೆ, ಎಲೆಮಲ್ಲಪ್ಪಶೆಟ್ಟಿ ಕೆರೆಗಳ ಮೂಲಕ ಪಿನಾಕಿನಿಗೆ ಹೋಗುವಂತೆ ಹಿಂದಿನವರು ಕೆರೆಗಳನ್ನು ಸರಪಣಿಯಾಗಿ ಕಟ್ಟಿದರು. ನೈಸ್ ಗಟ್ಟಿಯಾದ ಕಲ್ಲು. ಅದರ ಮೈಯಲ್ಲಿ ನೀರು ನಿಲ್ಲುವುದು ಮೇಲಣ ಶಿಥಿಲವಾದ ಪದರಿನಲ್ಲಿಯೂ ಬಿರುಕುಗಳಲ್ಲಿಯೂ ಮಾತ್ರ. ಹರಿದುಹೋಗುವ ಮಳೆಯನ್ನು ತಡೆದು ನಿಲ್ಲಿಸಿ ಆ ಪದರಿಗೆ ಇಂಗಿಸದಿದ್ದರೆ ಬಾವಿಗೆ ಜಲವಿಲ್ಲ. ಹಿಂದಿನ ತೆರೆದ ಬಾವಿಗಳು ಈ ಶಿಥಿಲಪದರಿನ ನೀರನ್ನು ನಂಬಿದ್ದುವು. ಈಗಿನ ಕೊಳವೆಬಾವಿಗಳು ಅದನ್ನು ದಾಟಿ ಬಿರುಕುಗಳನ್ನು ಹುಡುಕಿಕೊಂಡು ಇಳಿಯುತ್ತಿವೆ. 2024ರ ಬೇಸಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ, ಮನೆಮನೆಯ ಮಕ್ಕಳು ನೀರಿನ ಗಾಡಿಗಾಗಿ ಕಾದರು. ನೀರು ಏಕಿಲ್ಲವೆಂಬುದಕ್ಕೆ ಉತ್ತರವು ಅವರ ಕಾಲಕೆಳಗಿನ ಕಲ್ಲಿನಲ್ಲಿಯೇ ಇದ್ದಿತು. ಅದನ್ನು ಓದಲು ಅವರಿಗೆ ಯಾರೂ ಕಲಿಸಿರಲಿಲ್ಲ.

6

ಹೀಗೆ ಕಲಿಸಬಹುದೆಂಬ ಯೋಚನೆಯು ಹೊಸದಲ್ಲ. 1868ರಲ್ಲಿ ಮಹಾತ್ರಿಕೋಣಮಾಪನದ ಅಧಿಕಾರಿಗಳು ಮೇಖ್ರಿ ವೃತ್ತದ ಪ್ರದೇಶದಿಂದ ಈಶಾನ್ಯದ ಕಣ್ಣೂರಿನವರೆಗೆ ಆಧಾರರೇಖೆಯನ್ನೆಳೆದು ಈ ಸೀಮೆಯ ನೆಲವನ್ನು ಅಳೆಯುತ್ತಿದ್ದರು. ಅದೇ ವರ್ಷ ಇಂಗ್ಲೆಂಡಿನ ನಾರಿಚ್ ಪಟ್ಟಣದಲ್ಲಿ ಥಾಮಸ್ ಹೆನ್ರಿ ಹಕ್ಸ್‌ಲಿಯು ಕೂಲಿಕಾರರ ಸಭೆಯ ಮುಂದೆ ಒಂದು ಸೀಮೆಸುಣ್ಣದ ತುಂಡನ್ನು ಕುರಿತು ಉಪನ್ಯಾಸ ಮಾಡಿದನು. ಆ ಊರಿನ ಅಡಿಯಲ್ಲಿರುವುದು ಅದೇ ಸುಣ್ಣಗಲ್ಲು. ಬಡಗಿಯ ಜೇಬಿನಲ್ಲಿರುವ ಆ ತುಂಡಿನಿಂದ ಹೊರಟು ಪ್ರಾಚೀನ ಸಮುದ್ರದವರೆಗೆ ಕೇಳುವವರನ್ನು ಕರೆದೊಯ್ದನು. 1877ರಲ್ಲಿ ಅವನೇ ಪ್ರಕಟಿಸಿದ ಪ್ರಕೃತಿಭೂಗೋಳದ ಗ್ರಂಥವು ಲಂಡನ್ನಿನ ಮಕ್ಕಳಿಗೆ ಪರಿಚಿತವಾದ ಥೇಮ್ಸ್ ನದಿಯಿಂದಲೇ ಆರಂಭವಾಗುವುದು. ಸಮೀಪದಿಂದ ದೂರಕ್ಕೆ, ಕಂಡುದರಿಂದ ಕಾಣದುದಕ್ಕೆ ಎಂಬ ಈ ಮಾರ್ಗವನ್ನು ರವೀಂದ್ರನಾಥ ಠಾಕೂರರೂ 1901ರಲ್ಲಿ ಶಾಂತಿನಿಕೇತನದ ಮರಗಳ ನೆರಳಿನಲ್ಲಿ ಬೇರೊಂದು ಬಗೆಯಿಂದ ಹಿಡಿದರು. ಹೆಬ್ಬಾಳದ ನೆರೆಯಲ್ಲಿಯೇ ಅವರ ಹೆಸರನ್ನು ಹೊತ್ತ ಆರ್. ಟಿ. ನಗರವೆಂಬ ಬಡಾವಣೆಯಿರುವುದನ್ನು ಇಲ್ಲಿ ನೆನೆಯಬಹುದು.

ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಪ್ರಯತ್ನವೂ ಬೇಗನೆ ಮೊದಲಾಯಿತು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಮೂಲಕ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಎರಡು ವರ್ಷ ಬದುಕಿತು. ಪಂಪಭಾರತದ ಪರಿಷ್ಕರಣದಲ್ಲಿ ಕೈಯಿಟ್ಟ ವೆಂಕಟನಾರಣಪ್ಪನವರೇ ವಿಜ್ಞಾನದ ಪರಿಭಾಷೆಯನ್ನೂ ಹುಡುಕಿದರೆಂಬುದು, ಎರಡು ಮನೆಗಳೂ ಒಂದಾಗಿರಬಹುದೆಂಬುದಕ್ಕೆ ನಿದರ್ಶನ. 1936ರಲ್ಲಿ ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಮಕ್ಕಳ ಕೈಗಿತ್ತರು, 1978ರಿಂದ ‘ಬಾಲವಿಜ್ಞಾನ’ವು ಪ್ರಕಟವಾಗತೊಡಗಿತು. ಭೂವಿಜ್ಞಾನಿಗಳಲ್ಲಿ ಬಿ. ಪಿ. ರಾಧಾಕೃಷ್ಣರು 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ, ಇಂಗ್ಲಿಷಿನಲ್ಲಿ ಬರೆದಂತೆಯೇ ಕನ್ನಡದಲ್ಲಿಯೂ ಬರೆದರು. ಟಿ. ಆರ್. ಅನಂತರಾಮು ಅವರು ಆ ಕಾರ್ಯವನ್ನು ಜನಸಾಮಾನ್ಯರವರೆಗೆ ವಿಸ್ತರಿಸಿದರು.

ಇಷ್ಟಾದರೂ ಯಲಹಂಕದ ಬಂಡೆಯು ಯಲಹಂಕದ ಶಾಲೆಯೊಳಗೆ ಬಾರದೆಹೋದುದೇಕೆ? ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು, ಇಲಾಖೆಯ ಲಕ್ಷ್ಯವು ಸಹಜವಾಗಿಯೇ ಕೋಲಾರದ ಚಿನ್ನದ ಕಡೆಗೂ ಧಾರವಾಡದ ಶಿಲಾಪಟ್ಟಿಗಳ ಕಡೆಗೂ ಇದ್ದಿತು. ಚಿನ್ನವಿಲ್ಲದ ನೈಸು ವಿದ್ವಾಂಸರಿಗೆ ವಾದದ ವಸ್ತು, ಗುತ್ತಿಗೆದಾರರಿಗೆ ಜಲ್ಲಿಯ ವಸ್ತು ಆಯಿತು. ಎರಡನೆಯದು, ವರದಿಗಳೆಲ್ಲವೂ ಇಂಗ್ಲಿಷಿನಲ್ಲಿದ್ದು, ಕುಟಿಗರ ಬಾಯಲ್ಲಿದ್ದ ಬೆಣಚು, ಕಾಗೆಬಂಗಾರ, ಬಳಪದಕಲ್ಲು ಮುಂತಾದ ಮಾತುಗಳು ಗ್ರಂಥಸ್ಥವಾಗಲಿಲ್ಲ. ಮೂರನೆಯದೂ ಮುಖ್ಯವಾದುದೂ ಬೋಧನೆಯ ಕ್ರಮ. ಅಗ್ನಿಶಿಲೆ, ಕಣಶಿಲೆ, ರೂಪಾಂತರಶಿಲೆ ಎಂಬ ಮೂರು ಹೆಸರುಗಳನ್ನು ವಿದ್ಯಾರ್ಥಿಯು ಕಂಠಪಾಠಮಾಡುವನು. ಮೂರನೆಯದಕ್ಕೆ ಉದಾಹರಣೆಯನ್ನು ಕೇಳಿದರೆ ದೂರದ ಅಮೃತಶಿಲೆಯನ್ನು ಹೇಳುವನು. ತಾನು ಕುಳಿತ ಕಟ್ಟೆಯ ಚಪ್ಪಡಿಯೇ ಆ ಜಾತಿಯದೆಂದು ಅರಿಯನು.

ಇದಕ್ಕೆ ಪ್ರತಿಯಾಗಿ ಒಂದು ಆಕ್ಷೇಪವನ್ನು ಹೇಳುವುದುಂಟು. ಭೂವಿಜ್ಞಾನವು ಕಠಿನವಾದ ಶಾಸ್ತ್ರ, ಕೋಟಿಗಟ್ಟಲೆ ವರ್ಷಗಳ ಎಣಿಕೆಯು ಬಾಲಬುದ್ಧಿಗೆ ನಿಲುಕದು, ಪಾಠಪಟ್ಟಿಯಲ್ಲಿ ಸ್ಥಳವೂ ಇಲ್ಲವೆಂಬುದು ಅದರ ಸಾರ. ಎಣಿಕೆಯು ಪ್ರೌಢರಿಗೂ ನಿಲುಕುವುದು ಕಷ್ಟವೆಂಬುದು ನಿಜ. ಆದರೆ ಪುರಾಣಗಳ ಯುಗ, ಮನ್ವಂತರ, ಕಲ್ಪಗಳ ಕಥೆಗಳನ್ನು ಕೇಳಿ ಬೆಳೆದ ಮಕ್ಕಳು ದೀರ್ಘಕಾಲಕ್ಕೆ ಹೆದರುವವರಲ್ಲ. ಹಳೆಯದು ಯಾವುದು, ಹೊಸದು ಯಾವುದೆಂಬ ವಿವೇಕಕ್ಕೆ ಬೇಕಾದುದು ಕಣ್ಣು. ಅದಕ್ಕೆ ಪ್ರಯೋಗಶಾಲೆಯ ವೆಚ್ಚವಿಲ್ಲ. ಪ್ರತ್ಯೇಕ ಪಾಠಪಟ್ಟಿಯೂ ಬೇಡ. ಶಾಸನವನ್ನು ತೋರಿಸಹೋದ ಕನ್ನಡದ ಪಂಡಿತರು ಅದೇ ದಿನ ಕಲ್ಲಿನ ಪಟ್ಟೆಯನ್ನೂ ತೋರಿಸಬಹುದು. ಗಣಿತದ ಉಪಾಧ್ಯಾಯರು ಕೆರೆಯ ಕೋಡಿಯಿಂದ ಕೋಡಿಗೆ ಇಳಿಜಾರನ್ನು ಎಣಿಸಿ ತೋರಿಸಬಹುದು.

7

ಕಾಲವಾದರೋ ಕಾಯುವಂತಿಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದಂದಿನಿಂದ ಬಳ್ಳಾರಿ ರಸ್ತೆಯ ಎರಡು ಕಡೆಗಳ ನೆಲವೂ ತ್ವರಿತವಾಗಿ ಮಾರ್ಪಟ್ಟಿದೆ. ಬಂಡೆಗಳು ಒಡೆದು ಜಲ್ಲಿಯಾದುವು. ಗಣಿಯ ಹಳ್ಳಗಳು ಕಸದಿಂದ ತುಂಬಿದುವು. ಉಳಿದುವುಗಳ ಮೇಲೆ ಕಟ್ಟಡಗಳೆದ್ದುವು. ಕಲ್ಲಿನ ಕಸಬಿನಿಂದ ಬದುಕುವ ಸಂಸಾರಗಳಿರುವುದರಿಂದ ಕಲ್ಲನ್ನು ಮುಟ್ಟಲೇಬಾರದೆಂದು ಯಾರೂ ಹೇಳಲಾರರು. ಆದರೆ ಒಡೆದ ಬಂಡೆಯು ಮತ್ತೆ ಹುಟ್ಟುವುದಿಲ್ಲ. ಕಡಿದ ಮರದ ಸ್ಥಳದಲ್ಲಿ ಸಸಿಯನ್ನು ನೆಡಬಹುದು. ಬತ್ತಿದ ಕೆರೆಯನ್ನು ಹೂಳೆತ್ತಿ ತುಂಬಿಸಬಹುದು. 300 ಕೋಟಿ ವರ್ಷದ ಬಂಡೆಗೆ ಜೀರ್ಣೋದ್ಧಾರವಿಲ್ಲ. ಸಾಕ್ಷಿಯು ಒಮ್ಮೆ ಹೋದರೆ ಗ್ರಂಥದ ಆ ಪತ್ರವು ಎಂದೆಂದಿಗೂ ಹೋದಂತೆಯೇ ಸರಿ.

ಪ್ರಕೃತಿಯ ಆಸ್ತಿಯನ್ನು ಸ್ಮಾರಕವೆಂದು ಕಾಪಾಡಿದ ಮೇಲ್ಪಂಕ್ತಿಯು ಇದೇ ಸೀಮೆಯಲ್ಲಿದೆ. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆತೋಪು 2007ರಲ್ಲಿ ಭಾರತದ ಮೊದಲನೆಯ ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿತವಾಯಿತು. ಯಲಹಂಕದ ಪುಟ್ಟೇನಹಳ್ಳಿ ಕೆರೆಯು ಹಕ್ಕಿಗಳ ರಕ್ಷಿತಪ್ರದೇಶವಾಯಿತು. ಇವುಗಳ ಸಾಲಿನಲ್ಲಿ ಊರಿಗೊಂದು ಬಂಡೆಯನ್ನಾದರೂ ಉಳಿಸಿ, ಶಾಲೆಗಳ ವಶಕ್ಕೆ ಕೊಡುವುದು ಅಸಾಧ್ಯವಲ್ಲ. ಮೇಖ್ರಿ ವೃತ್ತದ ಗೋಪುರದ ಬಂಡೆ, ಹೆಬ್ಬಾಳದ ಆನಂದಗಿರಿಯ ಗುಡ್ಡ, ಜಾರಕಬಂಡೆಯ ಕಾವಲು, ಯಲಹಂಕದಿಂದ ರಾಚೇನಹಳ್ಳಿಯವರೆಗಿನ ಕೆರೆಯ ಸಾಲು, ಇವು ಒಂದೊಂದು ದಿನದ ಪಾಠಕ್ಕೆ ಸಾಲುವಷ್ಟು ವಸ್ತುವನ್ನು ಕೊಡುವುವು.

ಹೆಬ್ಬಾಳದ ವೀರಗಲ್ಲು ಉಳಿದುದು ಅದನ್ನು ಕಂಡವರಿಗೆ ಕಲ್ಲಿನ ಮೇಲೆ ಅಕ್ಷರವಿದೆಯೆಂದು ತಿಳಿದುದರಿಂದ. ಅಕ್ಷರದ ಅರಿವಿಲ್ಲದವರ ಕೈಗೆ ಸಿಕ್ಕಿದ್ದರೆ ಅದು ಚರಂಡಿಯ ಹಾಸುಗಲ್ಲಾಗುತ್ತಿದ್ದಿತು. ಹಾಗೆ ಆಗಿಹೋದ ಶಾಸನಗಳು ನಾಡಿನಲ್ಲಿ ಅನೇಕ. ಬಂಡೆಗಳಿಗೂ ಇದೇ ನ್ಯಾಯ. ಪಟ್ಟೆಯನ್ನೂ ಎಳೆಯನ್ನೂ ಓದಬಲ್ಲ ಮಕ್ಕಳು ಯಲಹಂಕದಲ್ಲಿ, ಹೆಬ್ಬಾಳದಲ್ಲಿ, ಯಶವಂತಪುರದಲ್ಲಿ ಹುಟ್ಟಿಕೊಂಡರೆ, ಮುಂದೆ ಜಲ್ಲಿಯ ಯಂತ್ರವು ಬಂದ ದಿನ ಯಾವುದನ್ನು ಒಡೆಯಬಹುದು, ಯಾವುದನ್ನು ಬಿಡಬೇಕೆಂದು ಹೇಳುವವರು ಊರಿನಲ್ಲಿಯೇ ಇರುವರು. ಕಿಟ್ಟಯ್ಯನ ಕಲ್ಲನ್ನು ನೋಡಲು ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು, ಅಕ್ಷರಗಳನ್ನು ಓದಿಸಿದ ಮೇಲೆ ಕಲ್ಲಿನ ಬರಹವಿಲ್ಲದ ಹಿಂಬದಿಗೂ ಅವರನ್ನು ಒಮ್ಮೆ ಕರೆದುಕೊಂಡು ಹೋಗಲಿ.